ಮಂಜು ಬೂದಿಯಂತೆ ಕಾಣುವುದೇಕೆ?

ಪ್ರಶ್ನೆ: ಕಳೆದ ಡಿಸೆಂಬರಿನಲ್ಲಿ ಮಡಿಕೇರಿಯನ್ನೂ ಮಾಂದಲಪಟ್ಟಿಯನ್ನೂ ಒಂದೇ ದಿನ ಸುತ್ತಿ ಚಿತ್ರ ತೆಗೆದೆ. ಬೆಟ್ಟದ ಮಂಜೆಲ್ಲ ಬೂದಿ ಬಳಿದಂತೆ ಬಂದಿದೆ, ಓಂಕಾರೇಶ್ವರ ದೇವಸ್ಥಾನ ಹಿಂದಕ್ಕೆ ವಾಲಿದಂತಿದೆ. ತಪ್ಪಿದ್ದೆಲ್ಲಿ?
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಕ್ಯಾಮೆರಾದ ಬೆಳಕಿನ ಮಾಪಕವು ಎದುರಿಗಿರುವುದನ್ನೆಲ್ಲ ನಡುಬೂದು ಬಣ್ಣವೆಂದೇ ಭಾವಿಸುವುದರಿಂದ, ಚೌಕಟ್ಟಿನ ತುಂಬ ಬಿಳಿ ಮಂಜಿದ್ದಾಗ ಅದನ್ನು ಮಂಕುಗೊಳಿಸಿಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ನನ್ನು (ಮಾಪಕದ ಲೆಕ್ಕವನ್ನು ತಿದ್ದುವ ಸೌಲಭ್ಯ) ಮೂರನೇ ಎರಡು ಸ್ಟಾಪಿನಿಂದ ಒಂದು ಸ್ಟಾಪಿನಷ್ಟು (ಒಂದು ಸ್ಟಾಪ್ ಹೆಚ್ಚಿಸಿದರೆ ಬೆಳಕು ಎರಡುಪಟ್ಟು) ಹೆಚ್ಚಿಸಿ, ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಮಿನ ಬಲತುದಿ ಗೋಡೆಗೆ ಒತ್ತದಂತೆ ನೋಡಿಕೊಳ್ಳಿ. ಬರೀ ಮಂಜಿನ ಚಿತ್ರ ತೆಗೆದರೆ ಬಿಳಿ ಹಾಳೆಯಷ್ಟೇ ಉಳಿಯುತ್ತದೆ. ಮುಂಭಾಗದಲ್ಲಿ ಕಪ್ಪಗಿನ ಒಂದು ಮರವಾದರೂ ಇರಲಿ. ಪುಷ್ಪಗಿರಿಯ ಕಡೆಯ ಸಾಲುಬೆಟ್ಟಗಳಿಗೆ ದೂರದ್ದನ್ನು ಹತ್ತಿರ ತೋರಿಸುವ ಟೆಲಿಲೆನ್ಸೇ ಒಳ್ಳೆಯದು, ಏಕೆಂದರೆ ಅದು ದೂರದ ಸಾಲುಗಳನ್ನು ಒಂದರ ಮೇಲೊಂದು ಒತ್ತಿ ತೋರಿಸುತ್ತದೆ. ಜೀಪಿನ ಬೆಚ್ಚಗಿನ ಒಳಗಿನಿಂದ ಹೊರತೆಗೆದ ಲೆನ್ಸಿಗಿಂತ, ಹೊರಗಿನ ತಂಪಿನಿಂದ ಬೆಚ್ಚಗಿನ ಕೋಣೆಗೆ ತಂದ ಲೆನ್ಸಿನ ಮೇಲೆಯೇ ಹನಿ ಕಟ್ಟುವುದು ಹೆಚ್ಚು. ಹಿಂದಿರುಗಿದ ಮೇಲೆ ಕ್ಯಾಮೆರಾವನ್ನು ಮುಚ್ಚಿದ ಚೀಲದಲ್ಲೇ ಅರ್ಧ ಗಂಟೆ ಬಿಡಿ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಡ್ರೋನ್ ಹಾರಿಸಬೇಡಿ.

ದೇವಸ್ಥಾನ ವಾಲಿದ್ದು, ನೀವು ಹತ್ತಿರ ನಿಂತು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದ್ದರಿಂದ. 1820ರಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರ ಕಟ್ಟಿಸಿದ ಈ ಗುಡಿಗೆ ನಡುವೆ ಗುಮ್ಮಟವೂ ಮೂಲೆಗಳಲ್ಲಿ ಗೋಪುರಗಳೂ ಇರುವುದರಿಂದ ಲಂಬ ಗೆರೆಗಳ ಓಲಾಟ ಕಣ್ಣಿಗೆ ಬೇಗ ಬೀಳುತ್ತದೆ. ಎದುರಿನ ಕೆರೆಯ ಆಚೆ ಬದಿಗೆ ಹೋಗಿ ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದರೆ, ಗಾಳಿ ಏಳುವ ಮುನ್ನ ಪ್ರತಿಬಿಂಬವೂ ಸಿಗುತ್ತದೆ. ಬಳಿಕ ಹತ್ತಿರ ಬಂದು, ಕಿಟಕಿಯ ಪಂಚಲೋಹದ ಸರಳುಗಳಲ್ಲಿ ಕೊರೆದ ‘ಲಿಂ’ ಅಕ್ಷರದ ಚಿತ್ರ ತೆಗೆಯಿರಿ. ಎಲ್ಲರೂ ಗುಮ್ಮಟದ ಚಿತ್ರ ತೆಗೆದು ಹಿಂದಿರುಗುವ ಕಡೆ, ನನಗೆ ಇದೇ ರಾಜನ ನಿಜವಾದ ಸಹಿಯಂತೆ ಕಂಡಿದೆ.

ಮಡಿಕೇರಿ ಕೋಟೆಯೊಳಗಿನ ಗಾರೆಯ ಎರಡು ಆನೆಗಳಿಗೆ ಮಧ್ಯಾಹ್ನದ ಬೆಳಕು ಒಗ್ಗದು. ಪಕ್ಕದಿಂದ ಬೀಳುವ ಇಳಿಬಿಸಿಲಿನಲ್ಲಿ ಮಾತ್ರ ಅವುಗಳ ಉಬ್ಬುತಗ್ಗು ತೋರುತ್ತದೆ. ಆದ್ದರಿಂದ ಎರಡು ಬೆಳಗುಗಳನ್ನು ಬೇರೆಬೇರೆಯಾಗಿ ಮೀಸಲಿಡಿ: ಮೊದಲನೆಯದು ಕೆರೆಗೆ, ಎರಡನೆಯದು ಬೆಟ್ಟಕ್ಕೆ. ಮೊದಲ ದಿನದ ಸಂಜೆ ಕೋಟೆಯಲ್ಲಿ ಕಳೆಯಲಿ. ರಾಜಾಸೀಟಿನ ಸೂರ್ಯಾಸ್ತವನ್ನು, ಜನಸಂದಣಿಯ ಕಾರಣಕ್ಕೆ, ನಾನು ಬಿಟ್ಟೇಬಿಡುತ್ತೇನೆ.