ಬಲಪಂಥೀಯ ಉಗ್ರರಿಗೆ ಬಲಿಯಾದವರ ಸ್ಮರಣೆಯಲ್ಲಿ ಕಲಾವಿದ್ಯಾರ್ಥಿಗಳಿಗೇನು ಕೆಲಸ?

ಜರ್ಮನಿಯಲ್ಲಿ ಬಲಪಂಥೀಯ ಉಗ್ರರಿಂದ ಹತರಾದವರಿಗೆ ಸ್ಮಾರಕ ಕಟ್ಟುವುದು ನಗರಾಡಳಿತದ ಹೊಣೆಯಾಗಿರುವಾಗ, ಕಲಾವಿದ್ಯಾರ್ಥಿಗಳು ಅದೇ ವಿಷಯವನ್ನು ಕೈಗೆತ್ತಿಕೊಳ್ಳುವುದರಿಂದ ಆಗುವುದೇನು ಎಂದು ನೀವು ಕೇಳಿದ್ದೀರಿ. ಆ ದೇಶದಲ್ಲಿ ಕಲೆ ಓದಿದವನಾಗಿ ಹೇಳುವುದಾದರೆ, ಅಲ್ಲಿನ ವಾದಗಳು ಸ್ಮಾರಕದ ರೂಪಕ್ಕಿಂತ ಹೆಚ್ಚಾಗಿ ಅದು ನಿಲ್ಲಬೇಕಾದ ಜಾಗವನ್ನು ಕುರಿತವು. ಆ ವಾದವನ್ನು ಬೀದಿಯಲ್ಲೇ ಎತ್ತಿ ತೋರಿಸುವುದು ಆಡಳಿತಕ್ಕಿಂತ ವಿದ್ಯಾರ್ಥಿಗಳಿಗೆ ಸುಲಭ.

ಕಾಸೆಲ್ ನಗರವನ್ನೇ ನೋಡಿ. 2000ದಿಂದ 2007ರವರೆಗೆ ಹತ್ತು ಜನರನ್ನು ಕೊಂದ ಎನ್‌ಎಸ್‌ಯು ಎಂಬ ನವನಾಜಿ ಗುಂಪು, 2006ರ ಏಪ್ರಿಲ್ 6ರಂದು ಅಲ್ಲಿನ ಹಾಲೆಂಡಿಶೆ ಸ್ಟ್ರಾಸೆ ಎಂಬ ರಸ್ತೆಯ ಇಂಟರ್ನೆಟ್ ಕೆಫೆಯಲ್ಲಿ ಹಾಲಿತ್ ಯೋಜ್‌ಗಾತ್ ಎಂಬ 21 ವರ್ಷದ ಯುವಕನನ್ನು ಗುಂಡಿಟ್ಟು ಕೊಂದಿತು. ಹತ್ತನೆಯ ಬಲಿ ಬೇಡವೆಂದು ಮರುತಿಂಗಳೇ ಸಂತ್ರಸ್ತ ಕುಟುಂಬಗಳು ಅದೇ ಊರಿನಲ್ಲಿ ಮೆರವಣಿಗೆ ನಡೆಸಿದವು. ಆದರೂ ಪೊಲೀಸರು 2011ರಲ್ಲಿ ಸತ್ಯ ಬಯಲಾಗುವ ತನಕ ಕೊಲೆಗಾರರನ್ನು ಬಿಟ್ಟು ಸತ್ತವರ ಮನೆಯವರನ್ನೇ ಶಂಕಿಸುತ್ತಿದ್ದರು. ಮಗ ಹುಟ್ಟಿದ್ದೂ ಸತ್ತದ್ದೂ ಆ ರಸ್ತೆಯಲ್ಲೇ ಆದ್ದರಿಂದ ಅದಕ್ಕೆ ಅವನ ಹೆಸರಿಡಬೇಕೆಂದು ತಂದೆ ಕೇಳಿದರು. ನಗರ 2012ರಲ್ಲಿ ಕೊಟ್ಟದ್ದು ಅದೇ ರಸ್ತೆಯ ಬದಿಯ ಒಂದು ಚೌಕವನ್ನು. ಇಂಥ ಕಡೆ ವಿದ್ಯಾರ್ಥಿಯೊಬ್ಬರು ರಸ್ತೆಯ ಫಲಕಗಳ ಮೇಲೆ ಒಂದು ದಿನದ ಮಟ್ಟಿಗೆ ಆ ಹೆಸರನ್ನು ಅಂಟಿಸಿದರೆ, ಮರುದಿನ ಅದನ್ನು ಕಿತ್ತುಹಾಕಿದರೂ, ಕೇಳಿದ್ದಕ್ಕೂ ಕೊಟ್ಟದ್ದಕ್ಕೂ ನಡುವಿನ ಅಂತರವನ್ನು ದಾರಿಹೋಕರು ಕಾಣದಿರಲಾರರು.

ಜಾಗದ ಈ ಕಥೆ ಹೊಸದೇನಲ್ಲ. 1993ರ ಮೇ 29ರಂದು ಸೋಲಿಂಗೆನ್‌ನಲ್ಲಿ ಮನೆಗೆ ಬೆಂಕಿಯಿಟ್ಟಾಗ ಟರ್ಕಿ ಮೂಲದ ಐವರು ಹೆಣ್ಣುಮಕ್ಕಳು ಸತ್ತರು. ನಾಜಿಗಳ ಸ್ವಸ್ತಿಕವನ್ನು ಹರಿದುಹಾಕುತ್ತಿರುವ ಎರಡು ಲೋಹದ ಆಕೃತಿಗಳು, ಅವುಗಳ ಸುತ್ತ ಸಾಮಾನ್ಯ ಜನರ ಹೆಸರು ಕೊರೆದ ಉಂಗುರಗಳು: ಯುವಜನರ ತರಬೇತಿ ಕಾರ್ಯಾಗಾರವೊಂದರಲ್ಲಿ ಹುಟ್ಟಿದ ಈ ಸ್ಮಾರಕ ಊರ ನಡುವೆ ನಿಲ್ಲಲಿಲ್ಲ, 1994ರಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ಒಂದು ವೃತ್ತಿಶಿಕ್ಷಣ ಶಾಲೆಯ ಮುಂದೆ. (ಉಂಗುರಗಳ ಉಪಾಯ ನನಗೆ ಇಂದಿಗೂ ಮೆಚ್ಚುಗೆ, ನೋಡುಗನೂ ತನ್ನ ಹೆಸರನ್ನು ಅಲ್ಲಿ ಸೇರಿಸಿ ಹೊಣೆ ಹೊರಬಹುದಿತ್ತು.) ಹಾನಾವ್‌ನಲ್ಲಿ 2020ರ ಫೆಬ್ರವರಿ 19ರಂದು ಬಲಪಂಥೀಯ ಉಗ್ರನೊಬ್ಬ ಒಂಬತ್ತು ಜನರನ್ನು ಕೊಂದ ಮೇಲೆಯೂ ಹಾಗೆಯೇ ಆಯಿತು: ಗ್ರಿಮ್ ಸೋದರರ ಪ್ರತಿಮೆಯಿರುವ ಮಾರುಕಟ್ಟೆ ಚೌಕದಲ್ಲೇ ಸ್ಮಾರಕ ಬೇಕೆಂದು ಕುಟುಂಬಗಳು ಪಟ್ಟುಹಿಡಿದರೆ, ನಗರ ಬೇರೆ ಜಾಗ ತೋರಿಸಿತು.

ಬಾಳಿಕೆ ಬರದ ಕೃತಿ ವ್ಯರ್ಥವೆಂಬ ನಿಮ್ಮ ಶಂಕೆಯನ್ನು ನಾನು ಒಪ್ಪಲಾರೆ. ಎನ್‌ಎಸ್‌ಯು ಕೊಲೆಗಡುಕರು ವರ್ಷಗಟ್ಟಲೆ ತಲೆಮರೆಸಿಕೊಂಡಿದ್ದ ಸ್ವಿಕಾವ್‌ನಲ್ಲಿ ಅವರ ಮೊದಲ ಬಲಿಯ ನೆನಪಿಗೆ ನೆಟ್ಟ ಓಕ್ ಸಸಿಯನ್ನು 2019ರ ಅಕ್ಟೋಬರ್‌ನಲ್ಲಿ ಯಾರೋ ಗರಗಸದಿಂದ ಕತ್ತರಿಸಿದರು. ಆ ಊರಿನಲ್ಲಿ ದ್ವೇಷ ಇನ್ನೂ ಜೀವಂತವಾಗಿದೆ ಎಂಬುದನ್ನು ಕಡಿದ ಬುಡ ತೋರಿಸಿದಷ್ಟು ಸ್ಪಷ್ಟವಾಗಿ ಯಾವ ಕಲ್ಲಿನ ಕಂಬವೂ ತೋರಿಸುತ್ತಿರಲಿಲ್ಲ. ಮರುತಿಂಗಳು ಅಲ್ಲಿ ಹತ್ತು ಮರಗಳನ್ನು ನೆಡಲಾಯಿತು.

ಇಷ್ಟಾದರೂ ವಿದ್ಯಾರ್ಥಿಗಳ ಕೃತಿಗಳನ್ನೆಲ್ಲ ನಾನು ಹೊಗಳುವುದಿಲ್ಲ. ಕೊಲೆಗಾರನ ಚಿತ್ರವನ್ನೇ ದೊಡ್ಡದಾಗಿ ಮಾಡುವವರು, ಬಲಿಯಾದವರ ಮನೆಯವರನ್ನು ಒಮ್ಮೆಯೂ ಮಾತನಾಡಿಸದೆ ಅವರ ನೋವನ್ನು ಪರೀಕ್ಷೆಯ ಅಂಕಗಳಿಗೆ ಬಳಸಿಕೊಳ್ಳುವವರು ಅಲ್ಲಿಯೂ ಇದ್ದಾರೆ. ನೀವೂ ಇಂಥ ಕೃತಿ ಮಾಡಹೊರಟಿದ್ದರೆ, ಮೊದಲ ರೇಖಾಚಿತ್ರಕ್ಕೂ ಮುನ್ನ ಆ ಕುಟುಂಬಗಳು ಇಷ್ಟು ವರ್ಷ ಏನನ್ನು, ಯಾವ ಜಾಗದಲ್ಲಿ ಕೇಳುತ್ತ ಬಂದಿವೆ ಎಂಬುದನ್ನು ತಿಳಿದುಕೊಳ್ಳಿ.