ಮನೆ ಅಡವಿಟ್ಟು ಗಾಣ ಹಾಕಲೇ?

ಪ್ರಶ್ನೆ: ಮರದ ಗಾಣ ಹಾಕಿ ಕೊಬ್ಬರಿ ಎಣ್ಣೆ ಮಾರುವ ಆಸೆ. ಅಪ್ಪ ದುಡಿದು ಕಟ್ಟಿಸಿದ ಮನೆಯಿದೆ. ಅವರು ತೀರಿಕೊಂಡ ಮೇಲೆ ಖಾತೆ ಅಮ್ಮನ ಹೆಸರಿಗಾಗಿದೆ. ಅಡವಿಟ್ಟರೆ 30 ಲಕ್ಷ ಸಿಗುತ್ತದಂತೆ. ಅಮ್ಮ ಒಪ್ಪಿದ್ದಾರೆ. ತಂಗಿಗೆ ಮದುವೆಯಾಗಿದೆ. ಮುಂದುವರಿಯಲೇ?
– ಓದುಗ, ತಿಪಟೂರು

ಉತ್ತರ: ಮೊದಲು ತಂಗಿಯ ವಿಷಯ. ಅಪ್ಪ ವಿಲ್ ಬರೆಯದೆ ಹೋಗಿದ್ದರೆ ಆ ಮನೆಯಲ್ಲಿ ಅಮ್ಮ, ನೀವು, ತಂಗಿ ಮೂವರಿಗೂ ಸಮಪಾಲು. ಮದುವೆಯಾದರೂ ಅಷ್ಟೇ. ಖಾತೆ ಅಮ್ಮನ ಹೆಸರಿಗಿದೆ ಅಂದ ಮಾತ್ರಕ್ಕೆ ಮನೆ ಅವರೊಬ್ಬರದೇ ಆಗುವುದಿಲ್ಲ. ಬ್ಯಾಂಕಿನ ವಕೀಲರು ವಂಶವೃಕ್ಷ ಕೇಳುತ್ತಾರೆ, ತಂಗಿಯ ಸಹಿಯೂ ಬೇಕಾಗುತ್ತದೆ. ಸಾಲ ವಿಭಾಗದಲ್ಲಿ ಕೆಲಸ ಮಾಡಿದವಳಾಗಿ ಹೇಳುತ್ತೇನೆ: ಸಹಿ ಹಾಕುವ ದಿನ ಮಾತ್ರ ಹೆಣ್ಣುಮಕ್ಕಳನ್ನು ಕರೆಸುವ ಮನೆಗಳಲ್ಲೇ ಮನಸ್ತಾಪ ಜಾಸ್ತಿ. ಈಗಲೇ ತಂಗಿಯ ಮನೆಗೆ ಹೋಗಿ, ಪೂರ್ತಿ ಲೆಕ್ಕ ಅವರ ಮುಂದಿಡಿ.

ಲೆಕ್ಕ ಹೀಗಿದೆ. ಶೇ 10.5ರ ಬಡ್ಡಿಯಲ್ಲಿ 15 ವರ್ಷಕ್ಕೆ 30 ಲಕ್ಷ ತೆಗೆದರೆ ತಿಂಗಳ ಕಂತು ಸುಮಾರು 33,000 ರೂಪಾಯಿ. ಅಡಮಾನ ಸಾಲಕ್ಕೆ ಸಾಮಾನ್ಯವಾಗಿ ಮುಂದಿನ ತಿಂಗಳಿಂದಲೇ ಕಂತು ಶುರು. ಕೊಬ್ಬರಿಗೆ ನೀವು ನಗದು ಎಣಿಸಬೇಕು, ಎಣ್ಣೆ ಕೊಂಡ ಅಂಗಡಿಯವರು ಮಾತ್ರ ನಿಧಾನಕ್ಕೆ ಕೊಡುತ್ತಾರೆ. ಕೊಬ್ಬರಿ ಬೆಲೆ ಹೇಗೆ ಏರಿಳಿಯುತ್ತದೆ ಅಂತ ತಿಪಟೂರಿನವರಿಗೆ ನಾನು ಹೇಳಬೇಕಿಲ್ಲ ಅಲ್ವಾ? ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಕೊಟ್ಟು, ಕೋರ್ಟಿನಲ್ಲಿ ದಾವೆ ಹೂಡದೆಯೇ ಬ್ಯಾಂಕು ಮನೆಯನ್ನು ವಶಕ್ಕೆ ಪಡೆಯಬಹುದು. ಅಮ್ಮ ವಾಸವಿರುವ ಮನೆ ಅದು. ಅವರು ಒಪ್ಪಿದ್ದು ಮಗನ ಮೇಲಿನ ನಂಬಿಕೆಯಿಂದ. ಈ 60 ದಿನದ ವಿಷಯ ಅವರಿಗೆ ತಿಳಿಸಿದ್ದೀರಾ?

ನನ್ನ ಮಾತು ಕೇಳುವುದಾದರೆ ಮನೆ ಪತ್ರ ಸದ್ಯಕ್ಕೆ ಬೀರುವಿನಲ್ಲೇ ಇರಲಿ. ಬಾಡಿಗೆ ಜಾಗದಲ್ಲಿ ಒಂದೆರಡು ಗಾಣದಿಂದ ಶುರು ಮಾಡಿ. ಸಣ್ಣ ಉದ್ಯಮದ 10 ಲಕ್ಷದವರೆಗಿನ ಸಾಲಕ್ಕಂತೂ ಬ್ಯಾಂಕು ಆಸ್ತಿ ಒತ್ತೆ ಕೇಳುವಂತಿಲ್ಲ, ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ತಂದಿರುವ ಮುದ್ರಾ ಸಾಲಕ್ಕೂ ಒತ್ತೆ ಬೇಡ. ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಾದ ‘ಉದ್ಯಮ್’ ಉಚಿತ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ನೋಂದಣಿ ಪತ್ರ, ಗಾಣದ ಕೊಟೇಷನ್ ಎರಡನ್ನೂ ಹಿಡಿದು ಬ್ಯಾಂಕಿಗೆ ಹೋಗಿ. ಕೊಬ್ಬರಿ ಖರೀದಿಗೆ ಬೇರೆಯಾಗಿ ಸಿಸಿ ಲಿಮಿಟ್ (ಬೇಕಾದಾಗ ತೆಗೆದು, ಬಂದಾಗ ಕಟ್ಟುವ ಕ್ಯಾಶ್ ಕ್ರೆಡಿಟ್ ಸಾಲ) ಕೇಳಿ, ಅದರಲ್ಲಿ ಬಳಸಿದಷ್ಟಕ್ಕೇ ಬಡ್ಡಿ. ಗಾಣದ ಸಾಲಕ್ಕೆ ಮೊದಲ ಆರು ತಿಂಗಳು ಅಸಲಿನ ಕಂತು ಬೇಡ ಎಂದೂ ಕೇಳಿ. ಒಪ್ಪಿದರೆ, ಅದು ಮಂಜೂರಾತಿ ಪತ್ರದಲ್ಲಿ ಬರೆದಿದೆಯಾ ಅಂತ ಓದಿಯೇ ಸಹಿ ಹಾಕಿ.

ಒಂದು ವರ್ಷದ ವ್ಯಾಪಾರ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಕಾಣುವಂತಾದ ಮೇಲೆ ಮತ್ತೆ ಬರೆಯಿರಿ. ದೊಡ್ಡದು ಮಾಡುವ ಯೋಚನೆ ಆಗಲೂ ಇದ್ದರೆ, ಅಡಮಾನದ ಮಾತು ಆಗ ಆಡೋಣ.