ಅಣ್ಣನಿಗೂ ಹೇಳಿ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್, ಚಿಕ್ಕಮ್ಮನಿಗೆ 42ಕ್ಕೇ ಸ್ತನ ಕ್ಯಾನ್ಸರ್, ಈಗ ಅಮ್ಮನ ರಕ್ತದಲ್ಲಿ ಬಿಆರ್‌ಸಿಎ1 ಜೀನ್ (ಸ್ತನ, ಅಂಡಾಶಯದ ಕ್ಯಾನ್ಸರ್ ಬರದಂತೆ ಕಾಯುವ ಜೀನ್) ಕೆಟ್ಟಿದೆ ಅಂತ ರಿಪೋರ್ಟ್. ನಿಮಗೆ 29. ನಾನೂ ಟೆಸ್ಟ್ ಮಾಡಿಸಬೇಕಾ, ಸಂಬಂಧ ನೋಡುತ್ತಿರುವಾಗ ಇದು ಹೊರಗೆ ಗೊತ್ತಾದರೆ ಏನು ಗತಿ ಅಂತ ಕೇಳಿದ್ದೀರಿ. ಅಣ್ಣನಂತೂ 'ಅದು ಹೆಂಗಸರ ಕಾಯಿಲೆ, ನನಗ್ಯಾಕೆ' ಅಂದರಂತೆ.

ಮೊದಲು ಅಣ್ಣನ ಮಾತಿಗೇ ಬರುತ್ತೇನೆ. ಅದು ತಪ್ಪು. ಈ ಕೆಟ್ಟ ಜೀನ್ ಮಗಳಿಗೆ ಬರುವಷ್ಟೇ ಮಗನಿಗೂ ಬರುತ್ತದೆ, ಇಬ್ಬರಿಗೂ ಅರ್ಧಕ್ಕರ್ಧ ಸಾಧ್ಯತೆ. ಅಣ್ಣನಿಗೆ ಬಂದಿದ್ದರೆ ಅವರಿಂದ ಅವರ ಮಗಳಿಗೂ ಹೋಗಬಹುದು. ಗಂಡಸರಿಗೂ ಸ್ತನ ಕ್ಯಾನ್ಸರ್, ಪ್ರಾಸ್ಟೇಟ್ ಕ್ಯಾನ್ಸರ್ ಅಪಾಯ ಸ್ವಲ್ಪ ಏರುತ್ತದೆ. ಡಾಕ್ಟರು ಮನೆತನದ ಬಗ್ಗೆ ಕೇಳಿದಾಗ ಎಷ್ಟೋ ಜನ ತಾಯಿಯ ಕಡೆಯದನ್ನಷ್ಟೇ ಹೇಳಿ, ಸೋದರತ್ತೆಯರ ಕಾಯಿಲೆಯನ್ನು ಬಿಟ್ಟೇಬಿಡುತ್ತಾರೆ. ಅದಕ್ಕೂ ಇದೇ ತಪ್ಪು ತಿಳುವಳಿಕೆ ಕಾರಣ.

ನೀವು ಟೆಸ್ಟ್ ಮಾಡಿಸಿ. ಅಮ್ಮನ ಜೀನಿನಲ್ಲಿ ಎಲ್ಲಿ ಕೆಟ್ಟಿದೆ ಅಂತ ಗೊತ್ತಿರುವುದರಿಂದ ನಿಮ್ಮ ರಕ್ತದಲ್ಲಿ ಆ ಒಂದು ಜಾಗ ನೋಡಿದರೆ ಸಾಕು, ಖರ್ಚೂ ಕಡಿಮೆ. ಆದರೆ ಅದಕ್ಕೆ ಮುಂಚೆ ಜೆನೆಟಿಕ್ ಕೌನ್ಸೆಲರ್ (ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರು) ಹತ್ತಿರ ಕೂತು ಮಾತಾಡಿ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಕೇಳಿ ನೋಡಿ, ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಇದಕ್ಕೇ ಅಂತ ಬೇರೆ ಕ್ಲಿನಿಕ್ ಇದೆ. ಟೆಸ್ಟಿನಲ್ಲಿ ಕೆಟ್ಟ ಜೀನ್ ಇಲ್ಲ ಅಂತ ಬಂದರೆ ನಿಮ್ಮಿಂದ ಮಕ್ಕಳಿಗೆ ಅದು ಹೋಗುವುದಿಲ್ಲ. ಇದೆ ಅಂತ ಬಂದರೂ ಕ್ಯಾನ್ಸರ್ ಬಂದಿದೆ ಅಂತಲ್ಲ. ಅಪಾಯ ಮಾತ್ರ ದೊಡ್ಡದು, ಮುಚ್ಚಿಡುವುದಿಲ್ಲ: ಬಿಆರ್‌ಸಿಎ1 ಕೆಟ್ಟಿರುವ ನೂರು ಹೆಂಗಸರಲ್ಲಿ 60ಕ್ಕಿಂತ ಜಾಸ್ತಿ ಜನಕ್ಕೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುತ್ತದೆ. ಅದಕ್ಕೇ ಅಂಥವರಿಗೆ 25ನೇ ವಯಸ್ಸಿನಿಂದ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ ಸ್ಕ್ಯಾನ್, 30ರಿಂದ ಜೊತೆಗೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮಾಡಿಸಲು ಹೇಳುತ್ತಾರೆ. ಅಂಡಾಶಯದ ಕಥೆ ಬೇರೆ. ಅದನ್ನು ಬೇಗ ಹಿಡಿಯುವ ನಂಬುವಂಥ ಪರೀಕ್ಷೆ ಇಲ್ಲ. ಹಾಗಾಗಿ ಮಕ್ಕಳಾದ ಮೇಲೆ, 35ರಿಂದ 40ರೊಳಗೆ, ಅಂಡಾಶಯ ಮತ್ತು ಅಂಡನಾಳ ತೆಗೆಸಲು ಸಲಹೆ ಕೊಡುತ್ತಾರೆ. ಕೇಳಲು ಕಷ್ಟವೇ, ಆದರೆ ಯೋಚಿಸಲು ನಿಮಗಿನ್ನೂ ವರ್ಷಗಳಿವೆ. ಅಮ್ಮನಿಗೆ ಆ ಸಮಯ ಸಿಗಲಿಲ್ಲ ಅಲ್ವಾ?

ಮದುವೆ ವಿಷಯದಲ್ಲಿ ನನ್ನ ಮಾತು ಇಷ್ಟು. ನೋಡಲು ಬಂದವರಿಗೆಲ್ಲ ಹೇಳಬೇಕಿಲ್ಲ. ಆದರೆ ಇವರನ್ನೇ ಮದುವೆಯಾಗುತ್ತೇನೆ ಅಂತ ಮನಸ್ಸು ಗಟ್ಟಿಯಾದಾಗ, ನಿಶ್ಚಿತಾರ್ಥಕ್ಕೆ ಮುಂಚೆ, ನೀವೇ ಎದುರು ಕೂತು ಹೇಳಿ.

'ನನ್ನಿಂದಲೇ ಮಕ್ಕಳಿಗೆ ಬಂತು' ಅಂತ ಅಮ್ಮ ಅಳುತ್ತಾರೆ ಅಂತ ಬರೆದಿದ್ದೀರಿ. ಅವರಿಗೂ ಅದು ಯಾರಿಂದಲೋ ಬಂದದ್ದೇ, ಅವರು ಮಾಡಿದ್ದೇನೂ ಇಲ್ಲ. ಅವರ ರಿಪೋರ್ಟಿನಿಂದಲೇ ಮನೆಯ ಉಳಿದವರಿಗೆ ಈಗ ದಾರಿ ಕಾಣುತ್ತಿದೆ, ಅದನ್ನು ಅವರಿಗೆ ಹೇಳಿ. ಹೇಳಿ, ಆ ರಿಪೋರ್ಟಿನ ನಾಲ್ಕು ಜೆರಾಕ್ಸ್ ಮಾಡಿಸಿ: ನಿಮಗೊಂದು, ಅಣ್ಣನಿಗೊಂದು, ಚಿಕ್ಕಮ್ಮನಿಗೊಂದು, ಸೋದರಮಾವನಿಗೊಂದು.